ಮೊದಲು ನೀರು, ಆಮೇಲೆ ಕೈ

ಚಿತ್ರದುರ್ಗದ ಯಾವ ಬಡಾವಣೆಯಲ್ಲಾದರೂ ಬೆಳಿಗ್ಗೆ ಆರೂವರೆ ಹೊತ್ತಿಗೆ ಒಂದು ಸುತ್ತು ಬನ್ನಿ. ಮನೆ ಮುಂದೆ ನಿಂತ ಕಾರುಗಳಿಗೆ ಒಣ ಬಟ್ಟೆ ಹೊಡೆಯುವ ಸದ್ದು ಕೇಳುತ್ತದೆ. ರಾತ್ರಿಯೆಲ್ಲ ಕೂತ ಧೂಳನ್ನು ಹಳೇ ಬನಿಯನ್ನೋ ಟವೆಲ್ಲೋ ಹಿಡಿದು ಫಟಫಟನೆ ಒರೆಸಿ, ಎರಡು ನಿಮಿಷದಲ್ಲಿ ಗಾಡಿ ಹೊಳೆಯುವಂತೆ ಮಾಡಿಕೊಂಡು ಕೆಲಸಕ್ಕೆ ಹೊರಡುವುದು ಇಲ್ಲಿನ ರೂಢಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೂ ಇದೇ. ನಮ್ಮ ಜಿಲ್ಲೆಯಲ್ಲಿ ಕಾರಿನ ಬಣ್ಣ ಹಾಳು ಮಾಡುವುದರಲ್ಲಿ ಈ ಎರಡು ನಿಮಿಷಕ್ಕೇ ಮೊದಲ ಸ್ಥಾನ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿಲು, ಮಳೆ, ಹಕ್ಕಿಯ ಹಿಕ್ಕೆ ಎಲ್ಲ ಆಮೇಲಿನ ಮಾತು.

ನಂಬಿಕೆ ಬಾರದಿದ್ದರೆ ಸಂಜೆಯ ಇಳಿಬಿಸಿಲಿನಲ್ಲಿ ಒಂದು ಕಪ್ಪು ಅಥವಾ ಕಡುನೀಲಿ ಕಾರಿನ ಬಾನೆಟ್ಟನ್ನು ಓರೆಯಾಗಿ ನೋಡಿ. ಸೂರ್ಯ ಹೊಳೆಯುವ ಜಾಗದ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೆರೆಗಳು ಎದ್ದು ಕಾಣುತ್ತವೆ. ಅವು ಯಾರೂ ಬೇಕೆಂದು ಎಳೆದ ಗೀರುಗಳಲ್ಲ, ಒರೆಸಿದ ಗುರುತುಗಳು. ಧೂಳು ಕೂತ ಕಾರಿನ ಮೇಲೆ ಬೀದಿಯ ಮಕ್ಕಳು ಬೆರಳಿನಲ್ಲಿ ಹೆಸರು ಬರೆಯುತ್ತಾರಲ್ಲ, ಹಿಂಬದಿ ಗಾಜಿನ ಮೇಲೆ ಬರೆದದ್ದು ತೊಳೆದರೆ ಹೋಗುತ್ತದೆ. ಡಿಕ್ಕಿಯ ಬಾಗಿಲ ಮೇಲೆ ಬರೆದದ್ದನ್ನು ತೊಳೆದು ವರ್ಷವಾದ ಮೇಲೂ ಓರೆ ಬೆಳಕಿನಲ್ಲಿ ಓದಬಹುದು. ಬೆರಳು ಮೆತ್ತಗಿದೆ, ಮಗುವಿನ ಕೈಗೆ ಬಲವೂ ಇಲ್ಲ. ಆದರೂ ಅಕ್ಷರ ಉಳಿಯಿತು. ಗೀರಿದ್ದು ಬೆರಳಿಗೂ ಬಣ್ಣಕ್ಕೂ ನಡುವೆ ಸಿಕ್ಕ ಧೂಳಿನ ಕಣ.

ಈಗಿನ ಕಾರಿನ ಬಣ್ಣ ಹೇಗಿದೆ ಎಂದು ತಿಳಿದರೆ ಇದು ಅರ್ಥವಾಗುತ್ತದೆ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಎಲ್ಲದರ ಮೇಲೆ ಬಣ್ಣವಿಲ್ಲದ ಒಂದು ಪಾರದರ್ಶಕ ಪದರ. ಪೇಂಟರ್‌ಗಳು ಕ್ಲಿಯರ್ ಕೋಟ್ ಎನ್ನುವುದು ಇದನ್ನೇ. ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಅಷ್ಟೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಶೋರೂಮಿನ ಹೊಳಪು ಇರುವುದು ಈ ತೆಳು ಪದರದಲ್ಲಿ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಗೆರೆ ಬಿದ್ದಾಗ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿಸುತ್ತೇವಲ್ಲ, ಆಗ ಗೆರೆಯನ್ನು ಯಾರೂ ತುಂಬುವುದಿಲ್ಲ. ಗೆರೆಯ ಸುತ್ತಲಿನ ಕ್ಲಿಯರ್ ಕೋಟನ್ನೇ ಕೆಲವು ಮೈಕ್ರಾನ್ ಸವೆಸಿ ಸಮ ಮಾಡುತ್ತಾರೆ. ಹೀಗೆ ಎಷ್ಟು ಸಲ ಸವೆಸಲು ಸಾಧ್ಯ? ನಾಲ್ಕಾರು ಸಲದ ಹೊತ್ತಿಗೆ ಪದರ ತೆಳ್ಳಗಾಗಿ, ಬಾನೆಟ್ಟು ಮತ್ತು ಟಾಪು ಬಿಳಿಚಿಕೊಂಡು ಸಿಪ್ಪೆ ಏಳಲು ಶುರುವಾಗುತ್ತದೆ.

ಅಂಬಾಸಡರ್ ಓಡಿಸಿದ ಹಿರಿಯರು ಇದನ್ನು ಒಪ್ಪುವುದು ಕಷ್ಟ. ಅವರು ಇಪ್ಪತ್ತು ವರ್ಷ ಒಂದೇ ಬಟ್ಟೆಯಲ್ಲಿ ಒರೆಸಿದ್ದರೂ ಗಾಡಿ ಹೊಳೆಯುತ್ತಿತ್ತು. ಅವರು ಹೇಳುವುದು ಸುಳ್ಳಲ್ಲ. ಆಗಿನ ಬಣ್ಣಕ್ಕೆ ಕ್ಲಿಯರ್ ಕೋಟ್ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಬಣ್ಣವೇ. ಪಾಲಿಶ್ ಉಜ್ಜಿದರೆ ಬಟ್ಟೆಗೆ ಬಿಳಿಯೋ ನೀಲಿಯೋ ಹತ್ತುತ್ತಿತ್ತು, ಎಷ್ಟು ಸವೆಯಿತೆಂದು ಕಣ್ಣಿಗೇ ಕಾಣುತ್ತಿತ್ತು. ಈಗ ಸವೆಯುವುದು ಬಣ್ಣವಿಲ್ಲದ ಪದರ. ಬಟ್ಟೆಗೆ ಏನೂ ಹತ್ತುವುದಿಲ್ಲ. ಹಾನಿ ಆಗುತ್ತಿದೆ ಎಂದು ಹೇಳುವ ಗುರುತೇ ಇಲ್ಲದೆ ವರ್ಷಗಟ್ಟಲೆ ಒರೆಸುತ್ತಾ ಹೋಗುತ್ತೇವೆ.

ಇನ್ನು ನಮ್ಮ ಧೂಳಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಂಗಳೂರಿನ ಕಾರಿಗೂ ನಮ್ಮ ಕಾರಿಗೂ ವ್ಯತ್ಯಾಸ ಇರುವುದೇ ಇಲ್ಲಿ. ಚಿತ್ರದುರ್ಗದ ಕೋಟೆ ನಿಂತಿರುವುದು ಗ್ರಾನೈಟ್ ಬಂಡೆಗಳ ಮೇಲೆ. ಗ್ರಾನೈಟ್ ಸವೆದು ಪುಡಿಯಾದಾಗ ಉಳಿಯುವ ಹರಳುಗಳಲ್ಲಿ ಮುಖ್ಯವಾದದ್ದು ಕ್ವಾರ್ಟ್ಸ್, ಅಂದರೆ ಬೆಣಚುಕಲ್ಲು. ಖನಿಜಗಳ ಗಡಸುತನ ಅಳೆಯುವ ಹತ್ತರ ಮಾಪಕದಲ್ಲಿ ಅದಕ್ಕೆ 7. ಕಿಟಕಿ ಗಾಜಿಗೆ ಐದೂವರೆ. ಗಾಜನ್ನೇ ಗೀರಬಲ್ಲ ಕಣಕ್ಕೆ ಪ್ಲಾಸ್ಟಿಕ್ಕಿನ ಜಾತಿಯ ಕ್ಲಿಯರ್ ಕೋಟ್ ಯಾವ ಲೆಕ್ಕ? ಜಲ್ಲಿ ಕ್ರಷರ್‌ಗಳ ಪುಡಿ, ಹೆದ್ದಾರಿ ಕಾಮಗಾರಿಯ ಪುಡಿ ಇದಕ್ಕೆ ಸೇರಿದಾಗ ಕಣಗಳ ಅಂಚು ಇನ್ನೂ ಚೂಪು. ಗಾಳಿ ನೀರಿನಲ್ಲಿ ಉರುಳಿ ನುಣುಪಾದ ಹೊಳೆ ಮರಳಿನಂಥದ್ದಲ್ಲ ಇದು, ಯಂತ್ರ ಒಡೆದ ಕಲ್ಲು.

ಹೊಳಲ್ಕೆರೆ ಕಡೆಯ ಧೂಳು ಬೇರೆ. ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ ನಾನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿದ, ಭೂವಿಜ್ಞಾನಿಗಳು ಚಿತ್ರದುರ್ಗದ ಹೆಸರಿನಿಂದಲೇ ಕರೆಯುವ ಶಿಲಾಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಇದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತ್ತು. 2013ರ ತೀರ್ಪಿನ ನಂತರ ಹಂತಹಂತವಾಗಿ ಮತ್ತೆ ಶುರುವಾಯಿತು. ಭೀಮಸಮುದ್ರದ ಸುತ್ತಿನ ರಸ್ತೆಗಳಲ್ಲಿ ಅದಿರು ಲಾರಿಯ ಹಿಂದೆ ಬಂದ ಬಿಳಿ ಕಾರನ್ನು ನೋಡಿ. ಬಾಗಿಲ ಸಂದಿ, ನಂಬರ್ ಪ್ಲೇಟಿನ ಸುತ್ತ, ಹಿಂಬದಿ ಬಂಪರಿನ ಅಂಚಿನಲ್ಲಿ ಇಟ್ಟಿಗೆ ಬಣ್ಣದ ಗೆರೆ ಕಟ್ಟಿರುತ್ತದೆ. ಅದಿರಿನ ಪುಡಿಯೂ ಗಾಜಿನಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಗಡಸು. ತೂಕವೂ ಹೆಚ್ಚು. ಒಣ ಬಟ್ಟೆಗೆ ಹಾರಿಹೋಗುವುದಿಲ್ಲ, ಅಲ್ಲೇ ಎಳೆದಾಡುತ್ತದೆ.

ಹಿರಿಯೂರಿಗೆ ಹೋದರೆ ಎರೆಮಣ್ಣು. ಮಳೆ ಬಂದ ದಿನ ಹೊಲದ ದಾರಿಗೆ ಇಳಿದ ಗಾಡಿಯ ಮಡ್‌ಗಾರ್ಡ್ ಒಳಗೆ ಮುದ್ದೆಗಟ್ಟಿ ಕೂರುತ್ತದೆ. ಈ ಮಣ್ಣು ನೀರು ಕುಡಿದರೆ ಉಬ್ಬಿ ಜಾರುತ್ತದೆ, ಒಣಗಿದರೆ ಬಿಗಿದುಕೊಳ್ಳುತ್ತದೆ. ಅದನ್ನು ಕೆರೆಯಬಾರದು, ನೆನೆಸಬೇಕು. ಹತ್ತು ನಿಮಿಷ ತೇವವಾಗಿಟ್ಟರೆ ತಾನೇ ಸಡಿಲವಾಗಿ ಬೀಳುತ್ತದೆ. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಮತ್ತು ಬಳ್ಳಾರಿ ಕಡೆಯಿಂದ ಬರುವ 150ಎ ಎರಡೂ ಹಿರಿಯೂರಿನಲ್ಲೇ ಸೇರುವುದರಿಂದ ರಾತ್ರಿ ಪ್ರಯಾಣದ ಹುಳಗಳು, ಟಾರಿನ ಚುಕ್ಕೆ, ಲಾರಿಗಳ ಎಣ್ಣೆ ಮಸಿ ಇಲ್ಲಿನ ಕಾರುಗಳಿಗೆ ಜಾಸ್ತಿ. ಹೊಸದುರ್ಗದಲ್ಲಿ ಕೆಂಪುಮಣ್ಣು. ನುಣ್ಣಗಿರುವ ಕಾರಣ ಅಷ್ಟಾಗಿ ಗೀರುವುದಿಲ್ಲ ಎನ್ನುವವರಿದ್ದಾರೆ, ಆದರೆ ಅದರೊಳಗೂ ಬೆಣಚಿನ ಹುಡಿ ಇದ್ದೇ ಇರುತ್ತದೆ.

ಹಾಗಾದರೆ ಬೇಗ ತೊಳೆಯುವುದು ಹೇಗೆ? ಉಜ್ಜುವುದನ್ನು ಕಡಿಮೆ ಮಾಡುವುದೇ ಬೇಗ ತೊಳೆಯುವ ದಾರಿ. ಹೆಚ್ಚಿನವರು ಒಂದು ಮಗ್ ನೀರು ಚೆಲ್ಲಿ, ತಕ್ಷಣ ಸೋಪಿನ ಬಟ್ಟೆ ಹಿಡಿದು ಉಜ್ಜಲು ಶುರು ಮಾಡುತ್ತಾರೆ. ಕಣಗಳೆಲ್ಲ ಇನ್ನೂ ಬಣ್ಣಕ್ಕೆ ಅಂಟಿಕೊಂಡೇ ಇರುವಾಗ ಬಟ್ಟೆಯ ಕೆಳಗೆ ಸಿಕ್ಕುತ್ತವೆ. ಕೈ ಮುಟ್ಟುವ ಮೊದಲು ಹತ್ತರಲ್ಲಿ ಎಂಟು ಪಾಲು ಕೊಳೆ ನೀರಿನಿಂದಲೇ ಇಳಿದುಹೋಗಬೇಕು ಎಂದು ಗುರಿ ಇಟ್ಟುಕೊಂಡರೆ ಉಳಿದದ್ದೆಲ್ಲ ಸಲೀಸು.

ಗಾಡಿಯನ್ನು ನೆರಳಿಗೆ ತನ್ನಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಇದ್ದರೆ ಆರಲಿ. ಕಾದ ತಗಡಿನ ಮೇಲೆ ಶಾಂಪೂ ಹಾಕಿದರೆ ಒರೆಸುವ ಮೊದಲೇ ಒಣಗಿ ಕಲೆ ಕಟ್ಟುತ್ತದೆ. ಮೊದಲು ಚಕ್ರ ಮುಗಿಸಿಕೊಳ್ಳಿ, ಅದಕ್ಕೆಂದೇ ಬೇರೆ ಬ್ರಶ್ಶು, ಬೇರೆ ಬಟ್ಟೆ. ಬ್ರೇಕಿನ ಪುಡಿ ಅಂಟಿದ ಆ ಬಟ್ಟೆ ಎಂದಿಗೂ ಬಾಡಿಗೆ ತಾಕಬಾರದು. ಆಮೇಲೆ ಬರೀ ನೀರು, ಟಾಪಿನಿಂದ ಕೆಳಕ್ಕೆ. ಮನೆಗೆ ತರುವ ಸಣ್ಣ ಪ್ರೆಶರ್ ವಾಷರ್ ಇದ್ದರೆ ಅಗಲವಾಗಿ ಹರಡುವ ನಳಿಕೆ ಹಾಕಿ, ಒಂದೂವರೆ ಅಡಿ ದೂರದಿಂದ ಹೊಡೆಯಿರಿ. ನೀರಿನ ಚೂಪು ಧಾರೆಯನ್ನು ಹತ್ತಿರ ಹಿಡಿದರೆ ಬಾಗಿಲಿನ ರಬ್ಬರ್ ಬೀಡಿಂಗ್ ಎದ್ದು ಬರುತ್ತದೆ. ಹಿಂದೆಂದೋ ಪುಟ್ಟಿ ಹಾಕಿ ಪೇಂಟ್ ಮಾಡಿಸಿದ ಜಾಗವಿದ್ದರಂತೂ ಬಣ್ಣದ ಸಿಪ್ಪೆಯೇ ಹಾರಿಹೋಗುತ್ತದೆ. ಹಿಂಬದಿ ಕ್ಯಾಮೆರಾ, ಸೆನ್ಸರ್‌ಗಳಿಗೂ ಅಷ್ಟು ಹತ್ತಿರದಿಂದ ಹೊಡೆಯಬೇಡಿ. ಬಾನೆಟ್ ಎತ್ತಿ ಇಂಜಿನ್ ಮೇಲೆ ಧಾರೆ ಬಿಡುವುದು ಈಗಿನ ಎಲೆಕ್ಟ್ರಾನಿಕ್ ಕಾರುಗಳಿಗೆ ಬೇಡವೇ ಬೇಡ.

ಪ್ರೆಶರ್ ವಾಷರ್ ಇಲ್ಲದವರು ಅದಕ್ಕಾಗಿ ಹಣ ಹಾಕಬೇಕಿಲ್ಲ. ಹೊಲಕ್ಕೆ ಔಷಧಿ ಹೊಡೆಯುವ 16 ಲೀಟರಿನ ಬ್ಯಾಟರಿ ಕ್ಯಾನ್ ನಮ್ಮ ಕಡೆ ಗೊಬ್ಬರದ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಹೊಸದೊಂದನ್ನು ನೀರಿಗೆಂದೇ ಬೇರೆ ಇಟ್ಟುಕೊಳ್ಳಿ, ಕಳೆನಾಶಕ ಹೊಡೆದ ಕ್ಯಾನ್ ಬೇಡ. ಸಣ್ಣ ಹನಿಯಾಗಿ, ಒತ್ತಡದಿಂದ ಬರುವ ಆ ನೀರು ಧೂಳನ್ನು ಇಳಿಸುವುದರಲ್ಲಿ ಬಕೆಟ್ ನೀರಿಗಿಂತ ಎಷ್ಟೋ ಮೇಲು. ಒಂದು ಕ್ಯಾನ್ ನೀರಿನಲ್ಲಿ ಸಣ್ಣ ಕಾರಿನ ಮೊದಲ ಸುತ್ತು ಮುಗಿಯುತ್ತದೆ.

ನೀರು ಇಳಿದ ಮೇಲೆ ಕಾರು ಶಾಂಪೂ. ನೊರೆಯನ್ನು ಗಾಡಿಗೆಲ್ಲ ಹಚ್ಚಿ ಮೂರು ನಾಲ್ಕು ನಿಮಿಷ ಸುಮ್ಮನೆ ಬಿಡಿ, ಒಣಗಲು ಮಾತ್ರ ಬಿಡಬೇಡಿ. ಕಾಯುವ ಈ ನಾಲ್ಕು ನಿಮಿಷ ನಿಮ್ಮ ಹತ್ತು ನಿಮಿಷದ ಉಜ್ಜಾಟವನ್ನು ಉಳಿಸುತ್ತದೆ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ಒರೆಸಿ, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಾಡಿ ಹಿಂಡಿ, ಮತ್ತೆ ಶಾಂಪೂಗೆ ಅದ್ದಿ. ಒಂದು ಕಾರು ಮುಗಿಸಿ ಜಾಲಾಡಿದ ಬಕೆಟ್ಟಿನ ತಳಕ್ಕೆ ಕೈ ಹಾಕಿ ನೋಡಿ, ಬೆರಳಿಗೆ ಸಣ್ಣ ಮರಳು ಸಿಗುತ್ತದೆ. ಒಂದೇ ಬಕೆಟ್ಟಿನಲ್ಲಿ ತೊಳೆಯುವವರು ಅದೇ ಮರಳನ್ನು ಮತ್ತೆ ಮತ್ತೆ ತಮ್ಮ ಬಾನೆಟ್ಟಿಗೆ ಹಚ್ಚುತ್ತಿರುತ್ತಾರೆ. ಟಾಪು, ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ, ಕೊನೆಗೆ ಕೆಳಭಾಗ ಮತ್ತು ಬಂಪರ್. ಕೊಳೆ ಹೆಚ್ಚಿರುವುದು ಕೆಳಗೆ, ಅದನ್ನು ಮುಟ್ಟಿದ ಗ್ಲೌಸು ಮತ್ತೆ ಮೇಲೆ ಹೋಗಕೂಡದು. ಕೈಯನ್ನು ಸುತ್ತು ಸುತ್ತಾಗಿ ಆಡಿಸದೆ ಉದ್ದಕ್ಕೆ ನೇರವಾಗಿ ಎಳೆಯಿರಿ, ಒತ್ತುವುದು ಬೇಡ. ಗ್ಲೌಸು ನೆಲಕ್ಕೆ ಬಿದ್ದರೆ ಎಷ್ಟೇ ತೊಳೆದರೂ ಅವತ್ತಿಗೆ ಅದನ್ನು ಬಳಸಬೇಡಿ.

ಎಲ್ಲ ಸೇರಿ ಅರ್ಧ ಗಂಟೆಯ ಒಳಗಿನ ಕೆಲಸ. ಕೈ ಪಳಗಿದವರಿಗೆ ಇಪ್ಪತ್ತೈದು ನಿಮಿಷ ಸಾಕು.

ಬಟ್ಟೆ ಒಗೆಯುವ ಪೌಡರ್, ಪಾತ್ರೆ ತೊಳೆಯುವ ಲಿಕ್ವಿಡ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಪೌಡರಿನಲ್ಲಿ ಸೋಡಾ ಇರುತ್ತದೆ. ಅದು ಕ್ಷಾರ, ಬಣ್ಣದ ಮೇಲಿನ ವ್ಯಾಕ್ಸನ್ನು ಕಿತ್ತುಕೊಂಡು ಹೋಗುತ್ತದೆ, ರಬ್ಬರು ಮತ್ತು ಕಪ್ಪು ಪ್ಲಾಸ್ಟಿಕ್ಕನ್ನು ಬಿಳಿಚಿಸುತ್ತದೆ. ನಮ್ಮ ಬೋರ್ ನೀರಿನಲ್ಲಂತೂ ಆ ಸೋಡಾ ನೀರಿನ ಸುಣ್ಣದೊಂದಿಗೆ ಸೇರಿ ಬಿಳಿ ಹುಡಿಯಾಗಿ ಗಾಜಿನ ಮೇಲೆ ಕೂರುತ್ತದೆ. ಕಾರು ಶಾಂಪೂ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲದಂತೆ ಮಾಡಿದ್ದು. ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ, ಆದ್ದರಿಂದ ಇದರಲ್ಲಿ ಉಳಿತಾಯ ಮಾಡಲು ಹೋಗುವುದು ಲಾಭದ ಮಾತಲ್ಲ.

ಬೋರ್ ನೀರಿನ ಮಾತು ಬಂತು. ಇದು ನಮ್ಮ ಜಿಲ್ಲೆಯವರ ಎರಡನೇ ದೊಡ್ಡ ತೊಂದರೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಸೋಪು ಹಚ್ಚಿದರೆ ನೊರೆ ಬಾರದ, ಹಂಡೆಯ ತಳಕ್ಕೆ ಬಿಳಿ ಪದರ ಕಟ್ಟುವ ನೀರು ನಿಮ್ಮದಾದರೆ ಲೆಕ್ಕ ಹಾಕಿ. ತೊಳೆದ ಕಾರಿನ ಮೈಮೇಲೆ ಕಾಲು ಲೀಟರು ನೀರು ಹನಿಹನಿಯಾಗಿ ನಿಂತು ಒಣಗಿತು ಎನ್ನೋಣ. ಲೀಟರಿಗೆ 600ರ ಲೆಕ್ಕದಲ್ಲಿ 150 ಮಿಲಿಗ್ರಾಂ ಸುಣ್ಣದಂಥ ಉಪ್ಪು ಪ್ರತಿ ಸಲವೂ ಬಣ್ಣದ ಮೇಲೆ ಉಳಿಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಹೋಗುವುದಿಲ್ಲ. ಪ್ರತಿ ಹನಿಯ ಅಂಚಿನಲ್ಲಿ ಬಿಳಿ ಉಂಗುರ ಮೂಡುವುದು ಇದರಿಂದ. ಬಿಸಿಲಿನಲ್ಲಿ ಇದು ಮತ್ತೆ ಮತ್ತೆ ನಡೆದರೆ ಉಂಗುರ ಕ್ಲಿಯರ್ ಕೋಟಿನೊಳಕ್ಕೇ ಕಚ್ಚುತ್ತದೆ, ಆಮೇಲೆ ಪಾಲಿಶ್ ಇಲ್ಲದೆ ಹೋಗುವುದಿಲ್ಲ. ಹೊಸದಾಗಿ ಬಿದ್ದ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಹಚ್ಚಿ, ಒಂದು ನಿಮಿಷ ಬಿಟ್ಟು ತೊಳೆದರೆ ಕರಗುತ್ತದೆ.

ಫ್ಲೋರೈಡ್ ತೊಂದರೆಯಿಂದಾಗಿ ನಮ್ಮ ಹಳ್ಳಿಹಳ್ಳಿಯಲ್ಲೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ, ಪೇಟೆಯ ಮನೆಗಳಲ್ಲಿ ಫಿಲ್ಟರ್ ಇದೆ. ಫಿಲ್ಟರಿನಿಂದ ಹೊರಹೋಗುವ ವೇಸ್ಟ್ ನೀರನ್ನು ಗಾಡಿ ತೊಳೆಯಲು ಬಳಸಿ ಎಂಬ ಸಲಹೆಯನ್ನು ಎಲ್ಲರೂ ಕೇಳಿದ್ದೀರಿ. ನೀರು ಉಳಿಸುವ ಒಳ್ಳೆಯ ಮಾತು, ಆದರೆ ಅರ್ಧ ಮಾತು. ಅರ್ಧ ನೀರು ಶುದ್ಧವಾಗಿ ಬಂದು ಅರ್ಧ ಹೊರಹೋದರೆ, ಹೊರಹೋದ ನೀರಿನಲ್ಲಿ ಉಪ್ಪು ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಮೊದಲೇ ಗಡಸಾಗಿದ್ದ ನಮ್ಮ ನೀರು ಇನ್ನೂ ಗಡಸಾಯಿತು. ಆ ನೀರು ಚಕ್ರಕ್ಕೆ, ಮಡ್‌ಗಾರ್ಡಿಗೆ, ಮೊದಲ ಸುತ್ತಿನ ಧೂಳು ಇಳಿಸಲು ಧಾರಾಳವಾಗಿ ಆಗುತ್ತದೆ. ಕೊನೆಯ ಜಾಲಾಟಕ್ಕೆ ಮಾತ್ರ ಅದನ್ನು ಬಳಸಬೇಡಿ. ಕೊನೆಗೆ ಬೇಕಾದದ್ದು ನಾಲ್ಕೈದು ಲೀಟರು ಮೆದು ನೀರು, ಮಳೆಗಾಲದಲ್ಲಿ ಸಿಂಟೆಕ್ಸಿನಲ್ಲಿ ಹಿಡಿದ ಚಾವಣಿಯ ನೀರಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದೂ ಇಲ್ಲವೆಂದರೆ ಹನಿ ಒಣಗುವ ಮೊದಲೇ ಒರೆಸಿಬಿಡಿ. ದೊಡ್ಡ ಮೈಕ್ರೋಫೈಬರ್ ಟವೆಲ್ಲನ್ನು ಬಾನೆಟ್ ಮೇಲೆ ಹಾಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ ಎತ್ತಿ. ತಿಕ್ಕುವ ಅಗತ್ಯವೇ ಇಲ್ಲ. ನಮ್ಮಲ್ಲಿ ಒಣಹವೆಯ ಕಾಲದಲ್ಲಿ ಹನಿ ಆರಲು ಐದು ನಿಮಿಷವೂ ಬೇಡ, ಹಾಗಾಗಿ ಈ ಒಂದು ಹಂತದಲ್ಲಿ ಮಾತ್ರ ನಿಜವಾಗಿಯೂ ಅವಸರ ಮಾಡಬೇಕು.

ಈಗ ವಾಟರ್ ಸರ್ವಿಸ್ ಶೆಡ್ಡುಗಳ ಕಡೆ ಬರೋಣ. ಬಹುತೇಕರು ಗಾಡಿ ತೊಳೆಸುವುದು ಅಲ್ಲೇ. ದುಡಿಯುವ ಹುಡುಗರ ಮೇಲೆ ನನಗೆ ದೂರಿಲ್ಲ. ಇಡೀ ದಿನ ನೀರಿನಲ್ಲಿ ನಿಂತು, ಕೈಕಾಲು ಬೆಳ್ಳಗೆ ನೆನೆಸಿಕೊಂಡು ಮಾಡುವ ಕೆಲಸ ಅದು. ತೊಂದರೆ ಇರುವುದು ಸಾಮಗ್ರಿಯಲ್ಲಿ. ಟ್ರ್ಯಾಕ್ಟರ್, ಟಿಪ್ಪರ್ ತೊಳೆದ ಸ್ಪಂಜೇ ಕಾರಿಗೂ ಬರುತ್ತದೆ. ಅಡಿಭಾಗಕ್ಕೆ ಡೀಸೆಲ್ ಹೊಡೆಯುವವರು ಇನ್ನೂ ಇದ್ದಾರೆ, ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಮೇಲೆ ಧೂಳನ್ನೂ ಹಿಡಿಯುತ್ತದೆ. ಒರೆಸಲು ಕೊಡುವುದು ಗಿರಣಿಯ ಬನಿಯನ್ ವೇಸ್ಟ್, ಅದರಲ್ಲಿ ಹೊಲಿಗೆಯ ಗಟ್ಟಿ ಅಂಚು, ಕೆಲವೊಮ್ಮೆ ಗುಂಡಿಯೂ ಇರುತ್ತದೆ. ಫೋಮ್ ವಾಶ್ ಎಂದು ಹೆಚ್ಚು ದುಡ್ಡು ಕೊಟ್ಟರೂ ನೊರೆ ಇಳಿಯುವ ಮೊದಲೇ ಅದೇ ಸ್ಪಂಜು ಬಂದರೆ ಏನು ಪ್ರಯೋಜನ?

ಮಹಾನವಮಿಯ ಹಿಂದಿನ ದಿನ ಇದೆಲ್ಲ ತಾರಕಕ್ಕೆ ಏರುತ್ತದೆ. ಆಯುಧ ಪೂಜೆಗೆ ಎಲ್ಲ ಗಾಡಿಯೂ ಅವತ್ತೇ ತೊಳೆಯಬೇಕು, ಶೆಡ್ಡಿನ ಮುಂದೆ ರಸ್ತೆಯವರೆಗೂ ಸಾಲು. ಒಂದು ಗಾಡಿಗೆ ಹತ್ತು ನಿಮಿಷವೂ ಸಿಗುವುದಿಲ್ಲ. ವರ್ಷದಲ್ಲಿ ಒಂದೇ ದಿನ ಗಾಡಿಯನ್ನು ಮನೆಯಲ್ಲೇ ತೊಳೆಯುತ್ತೇನೆ ಎನ್ನುವವರಿದ್ದರೆ ಅದು ಈ ದಿನವೇ ಆಗಲಿ, ಅಥವಾ ಮೂರು ದಿನ ಮೊದಲೇ ತೊಳೆಸಿ ಪೂಜೆಯ ಬೆಳಿಗ್ಗೆ ಬರೀ ನೀರು ಹಾಕಿ. ಪೂಜೆಯಲ್ಲೂ ಸ್ವಲ್ಪ ಎಚ್ಚರ ಬೇಕು. ವಿಭೂತಿಯನ್ನು ಒಣಗಿದ ಮೇಲೆ ಕೈಯಿಂದ ತಿಕ್ಕಿ ತೆಗೆಯಬೇಡಿ, ಅದು ಪಾತ್ರೆ ಬೆಳಗುವ ಬೂದಿಯೇ. ಕುಂಕುಮವನ್ನು ನೀರಿನಲ್ಲಿ ಕಲಸಿ ಬಾನೆಟ್ಟಿಗೆ ಹಚ್ಚಿದರೆ ಬಿಳಿ ಬಣ್ಣದ ಮೇಲೆ ಗುಲಾಬಿ ಛಾಯೆ ವಾರಗಟ್ಟಲೆ ನಿಲ್ಲಬಹುದು, ಗಾಜಿನ ಮೇಲೆ ಅಥವಾ ನಂಬರ್ ಪ್ಲೇಟಿನ ಪಕ್ಕದಲ್ಲಿ ಇಟ್ಟರೆ ಸಾಕು. ಅರಿಶಿನದ ಚಿಂತೆ ಬೇಡ, ಅದರ ಹಳದಿ ಬಿಸಿಲಿಗೆ ತಾನೇ ಮಾಸುತ್ತದೆ. ಬಾಳೆಕಂದು ಕಟ್ಟುವಾಗ ಕತ್ತರಿಸಿದ ತುದಿ ಬಣ್ಣಕ್ಕೆ ತಾಕದಂತೆ ನೋಡಿಕೊಳ್ಳಿ, ಅದರ ಸೊನೆಯ ಕಲೆ ಹೋಗುವುದಿಲ್ಲ. ನಿಂಬೆಹಣ್ಣಿನ ರಸ, ಬೂದುಗುಂಬಳದ ನೀರು ಬಂಪರಿಗೆ ಸಿಡಿದಿದ್ದರೆ ಮಂಗಳಾರತಿ ಮುಗಿದ ಕೂಡಲೇ ಒಂದು ಚೊಂಬು ನೀರು ಹಾಕಿಬಿಡಿ.

ಹಕ್ಕಿಯ ಹಿಕ್ಕೆಗೂ ಹೆದ್ದಾರಿಯ ಹುಳಗಳಿಗೂ ಮದ್ದು ಒಂದೇ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಟ್ಟು, ಮೆತ್ತಗಾದ ಮೇಲೆ ಎತ್ತಿಕೊಳ್ಳಬೇಕು. ಬಿಸಿಲಿಗೆ ಒಂದು ದಿನ ಬಿಟ್ಟರೂ ಆಮ್ಲ ಕಚ್ಚಿ ಗುರುತು ಉಳಿಯುತ್ತದೆ. ಟಾರಿನ ಚುಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ, ಆಮೇಲೆ ಶಾಂಪೂ. ಮುಂದಿನ ಬಸ್ಸಿನ ಕಿಟಕಿಯಿಂದ ಉಗುಳಿದ ಎಲೆಅಡಿಕೆ ಬಿದ್ದರೆ ಊರು ಮುಟ್ಟುವವರೆಗೆ ಕಾಯಬೇಡಿ, ಅದರಲ್ಲಿ ಸುಣ್ಣವಿದೆ. ಬಾಟಲಿ ನೀರಿದ್ದರೆ ಅಲ್ಲೇ ಸುರಿಯಿರಿ.

ಕಾರಿಗೆ ಕವರ್ ಹಾಕಿದರೆ ಈ ತಾಪತ್ರಯವೇ ಇಲ್ಲ ಎಂದುಕೊಳ್ಳುವವರು ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳನ್ನು ನೆನೆಯಬೇಕು. ಅಷ್ಟೊಂದು ಯಂತ್ರಗಳನ್ನು ಅಲ್ಲಿ ನೆಟ್ಟಿದ್ದೇ ಈ ಊರಿನ ಗಾಳಿಯನ್ನು ನಂಬಿ. ಆಷಾಢದಲ್ಲಿ ಹೊರಗೆ ನಿಂತ ಕಾರಿನ ಕವರು ಹಗಲಿರುಳು ಪಟಪಟಿಸುತ್ತದೆ, ಒಳಗೆ ನುಗ್ಗಿದ ಧೂಳನ್ನು ಬಣ್ಣದ ಮೇಲೆ ತಿಕ್ಕುತ್ತಲೇ ಇರುತ್ತದೆ. ತೊಳೆದ ಕಾರಿಗೆ, ಗಾಳಿಯಿಲ್ಲದ ಶೆಡ್ಡಿನೊಳಗೆ ಕವರ್ ಹಾಕಿ. ಹೊರಗೆ ನಿಲ್ಲಿಸುವವರಿಗೆ ಬರೀ ಧೂಳು ಕೂತರೆ ನಷ್ಟವಿಲ್ಲ, ಕೂತ ಧೂಳನ್ನು ಮುಟ್ಟದೆ ಬಿಟ್ಟರೆ ಆಯಿತು. ಬೆಳಿಗ್ಗೆ ಮುಂದಿನ ಗಾಜು, ಕನ್ನಡಿ, ಹಿಂದಿನ ಗಾಜು, ಲೈಟುಗಳನ್ನು ನೀರು ಹಾಕಿ ಒರೆಸಿಕೊಂಡು ಹೊರಡಿ. ಉಳಿದದ್ದು ಭಾನುವಾರಕ್ಕೆ. ಸೆರಾಮಿಕ್ ಕೋಟಿಂಗ್ ಮಾಡಿಸಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಮೇಲೆ ಕೊಳೆ ಬೇಗ ಜಾರುತ್ತದೆ, ಆದರೆ ಬೆಣಚಿನ ಕಣ ಗೀರುವುದನ್ನು ಅದೂ ತಡೆಯುವುದಿಲ್ಲ.

ಕೊನೆಯದಾಗಿ ನೀರಿನ ಲೆಕ್ಕ. ಪೈಪು ತೆರೆದಿಟ್ಟು ತೊಳೆದರೆ ನಿಮಿಷಕ್ಕೆ ಹತ್ತು ಹನ್ನೆರಡು ಲೀಟರು ಹರಿಯುತ್ತದೆ, ಕಾಲು ಗಂಟೆಗೆ 150 ಲೀಟರು ಮೀರುತ್ತದೆ. ಕ್ಯಾನು ಮತ್ತು ಎರಡು ಬಕೆಟ್ಟಿನ ಕ್ರಮದಲ್ಲಿ ಐವತ್ತು ಅರವತ್ತು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಅಷ್ಟು ದೊಡ್ಡ ಊರಿಗೆ ಬಂದ ಗತಿ ನಮಗೇನೂ ಹೊಸದಲ್ಲ. ಮಾರಿಕಣಿವೆಯ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ ನಾವು ಕಾದವರು. ಆ ಬಳಿಕ 2025ರ ಜನವರಿಯಲ್ಲೂ ಬಿತ್ತು. ಆ ಸಂಭ್ರಮಕ್ಕೆ ಹೋಗಿ ವೇದಾವತಿಯ ನೀರಿನಲ್ಲೋ ಕಾಲುವೆಯ ಅಂಚಿನಲ್ಲೋ ಕಾರು ಇಳಿಸಿ ತೊಳೆಯುವುದನ್ನು ದಯವಿಟ್ಟು ಬಿಡಿ. ಎಣ್ಣೆ, ಶಾಂಪೂ, ಬ್ರೇಕಿನ ಪುಡಿ ಎಲ್ಲ ಕೆಳಗಿನ ಊರಿನವರ ನೀರಿಗೆ ಸೇರುತ್ತದೆ.

ಮುಂದಿನ ಸಲ ವಾಟರ್ ಸರ್ವಿಸ್‌ಗೆ ಹೋಗುವಾಗ ನಿಮ್ಮದೇ ಒಂದು ಮೈಕ್ರೋಫೈಬರ್ ಗ್ಲೌಸು, ಒಂದು ಟವೆಲ್ಲು, ಜಾಗವಿದ್ದರೆ ಒಂದು ಖಾಲಿ ಬಕೆಟ್ಟೂ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿ. ತೊಳೆಯುವ ಹುಡುಗನಿಗೆ ಅದನ್ನು ಕೊಟ್ಟು, “ಮೊದಲು ಬರೀ ನೀರು ಹೊಡಿ ತಮ್ಮಾ, ಮೇಲಿನ ಮಣ್ಣೆಲ್ಲ ಹೋದ ಮೇಲೆ ಇದರಲ್ಲಿ ಒರೆಸು” ಎಂದು ಹೇಳಿ. ಅವನಿಗೆ ಐದು ನಿಮಿಷ ಹೆಚ್ಚು ಹಿಡಿದರೆ ಇಪ್ಪತ್ತು ರೂಪಾಯಿ ಹೆಚ್ಚು ಕೊಡಿ.